ಮಳೆಯನ್ನಳೆದು ಪರಿಹಾರ: ಮೈಸೂರಿನ ಜೆ. ಎಸ್. ಚಕ್ರವರ್ತಿಯವರ ಕೃಷಿ ವಿಮಾ ಯೋಜನೆ

2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದುದನ್ನೂ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತರಾದುದನ್ನೂ, ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿದುದನ್ನೂ ನಮ್ಮ ಸದಸ್ಯ ಬಾಂಧವರು ಮರೆತಿರಲಾರರು. ಅದಾದ ಕೆಲವು ದಿನಗಳಲ್ಲಿ ಹೆಬಳೆಯ ಕಡೆಯ ಕಿರಾಣಿ ವ್ಯಾಪಾರಿಯೊಬ್ಬರು ನೆನೆದ ಖಾತೆ ಪುಸ್ತಕಗಳೊಡನೆ ನನ್ನ ಕಚೇರಿಗೆ ಬಂದರು. ವಿಮಾ ಸರ್ವೇಯರರು ಸ್ಟಾಕ್ ವಿವರವನ್ನೂ ಖರೀದಿ ಬಿಲ್ಲುಗಳನ್ನೂ ಕೇಳಿದ್ದರು. “ಸರ್, ಅಷ್ಟು ಮಳೆ ಬಂದದ್ದು ಇಡೀ ಊರಿಗೇ ಗೊತ್ತು. ಮಳೆ ಲೆಕ್ಕ ನೋಡಿ ದುಡ್ಡು ಕೊಡಬಾರದೇ? ಬಿಲ್ಲು ಯಾಕೆ?” ಎಂದು ಅವರು ಕೇಳಿದರು.

ಪ್ರಶ್ನೆಯು ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. ನೂರು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿಯೊಬ್ಬರು ರೈತರ ವಿಷಯದಲ್ಲಿ ಇದೇ ಮಾತನ್ನು ಲೆಕ್ಕಾಚಾರದೊಡನೆ ಮುಂದಿಟ್ಟಿದ್ದರು. ಅವರೇ ಜೆ. ಎಸ್. ಚಕ್ರವರ್ತಿ. ಮಳೆಯ ಕೊರತೆಯನ್ನೇ ಆಧಾರವಾಗಿಟ್ಟುಕೊಂಡ ವಿಮೆಯನ್ನು 1915ರ ಸುಮಾರಿಗೆ ಸೂಚಿಸಿ, ‘ಮೈಸೂರು ಇಕನಾಮಿಕ್ ಜರ್ನಲ್’ನಲ್ಲಿ ಲೇಖನಗಳನ್ನು ಬರೆದು, 1920ರಲ್ಲಿ ಭಾರತದ ಪರಿಸ್ಥಿತಿಗೆ ಹೊಂದುವ ಕೃಷಿ ವಿಮಾ ಯೋಜನೆಯನ್ನು ಇಂಗ್ಲಿಷಿನಲ್ಲಿ ಗ್ರಂಥರೂಪಕ್ಕೆ ತಂದರು.

ಅಂದಿನ ಮೈಸೂರಿನಲ್ಲಿ ಈ ವಿಚಾರವು ಹುಟ್ಟಿದುದು ಆಕಸ್ಮಿಕವಲ್ಲ. 1876-78ರ ಭೀಕರ ಕ್ಷಾಮದ ನೆನಪು ಇನ್ನೂ ಮಾಸಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿತ್ತು. ಇತ್ತ, ಸರ್ಕಾರಿ ನೌಕರರ ಜೀವ ವಿಮೆಯು ಸಂಸ್ಥಾನದಲ್ಲಿ 1891ರಲ್ಲಿಯೇ ಆರಂಭವಾಗಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲವೂ ಅದೇ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಸಂಸ್ಥೆ ಸ್ಥಾಪಿತವಾದವು. ವಿಮಾ ಲೆಕ್ಕವನ್ನು ಬಲ್ಲ ಅಧಿಕಾರಿಯೊಬ್ಬನು ಹೊಲದ ಕಡೆ ನೋಡಿದುದು ಇಂತಹ ವಾತಾವರಣದಲ್ಲಿ.

ಕೃಷಿ ವಿಮೆಯು ಆ ಹೊತ್ತಿಗೆ ಯೂರೋಪಿನಲ್ಲಿ ಹೊಸದೇನಲ್ಲ. ಜರ್ಮನಿಯ ಮೆಕ್ಲೆನ್‌ಬರ್ಗ್ ಪ್ರಾಂತದ ಭೂಮಾಲೀಕರು 1797ರಷ್ಟು ಹಿಂದೆಯೇ ಆಲಿಕಲ್ಲು ಮಳೆಯ ನಷ್ಟಕ್ಕೆ ಪರಸ್ಪರ ವಿಮಾ ಸಂಘವನ್ನು ಕಟ್ಟಿದ್ದರು. 1884ರಲ್ಲಿ ಬವೇರಿಯಾ ಸರ್ಕಾರವು ತನ್ನದೇ ಆಲಿಕಲ್ಲು ವಿಮಾ ಸಂಸ್ಥೆಯನ್ನು ತೆರೆಯಿತು. ಆದರೆ ಆಲಿಕಲ್ಲು ಬಿದ್ದ ಹೊಲವನ್ನು ಕಣ್ಣಿನಿಂದ ನೋಡಿ ನಷ್ಟವನ್ನು ಅಂದಾಜಿಸಬಹುದು. ಬರಗಾಲದಲ್ಲಿ ಹಾಗಲ್ಲ. ಪೈರು ಒಣಗಿದುದು ಮಳೆಯಿಲ್ಲದೆಯೋ, ಬೀಜ ಕೆಟ್ಟದ್ದರಿಂದಲೋ, ಒಕ್ಕಲಿಗನ ಉದಾಸೀನದಿಂದಲೋ ಎಂಬುದನ್ನು ನಿರ್ಣಯಿಸುವವರು ಯಾರು? ಒಂದೆರಡು ಎಕರೆಯ ಸಾವಿರಾರು ಹಿಡುವಳಿಗಳಿಗೆ ಅಧಿಕಾರಿಯನ್ನು ಕಳುಹಿಸುವ ವೆಚ್ಚವೇ ವಿಮಾ ಕಂತನ್ನು ಮೀರೀತು.

ಚಕ್ರವರ್ತಿಯವರ ಉತ್ತರವೆಂದರೆ ಹೊಲವನ್ನು ನೋಡುವುದೇ ಬೇಡ, ಆ ಪ್ರದೇಶದ ಮಳೆಯನ್ನು ಅಳೆದರೆ ಸಾಕು ಎಂಬುದು. ತತ್ತ್ವವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸುತ್ತೇನೆ. ಒಂದು ಪ್ರದೇಶದ ವಾಡಿಕೆ ಮಳೆ 100 ಅಂಶವೆಂದೂ, 60ಕ್ಕಿಂತ ಕಡಿಮೆಯಾದರೆ ಕಡಿಮೆಯಾದ ಪ್ರತಿ ಅಂಶಕ್ಕೆ ರೂ. 50ರಂತೆ ಪರಿಹಾರವೆಂದೂ ಕರಾರು ಇರಲಿ. ಮಳೆಮಾಪನದಲ್ಲಿ 45 ಅಂಶ ದಾಖಲಾದರೆ ಪಾಲಿಸಿದಾರನಿಗೆ ರೂ. 750 ಸಲ್ಲುತ್ತದೆ. ಬಿಲ್ಲು ಬೇಡ, ಪಂಚನಾಮೆ ಬೇಡ, ವಾದವೂ ಇಲ್ಲ. ಶ್ರಮಪಟ್ಟು ಬೆಳೆಯನ್ನು ಉಳಿಸಿಕೊಂಡವನಿಗೂ ಅಷ್ಟೇ ಹಣ ದೊರೆಯುವುದರಿಂದ ಬೇಕೆಂದೇ ಬೆಳೆಯನ್ನು ಕೈಬಿಡುವ ಆಸೆಯೂ ಹುಟ್ಟದು. ಲೆಕ್ಕಪರಿಶೋಧಕನಾದ ನನಗೆ ಅತ್ಯಂತ ಮೆಚ್ಚಿಗೆಯಾದ ಅಂಶವಿದು.

ಈ ಗ್ರಂಥವನ್ನು ದೇಶವು ಬಹುಕಾಲ ಮರೆತಿತ್ತು. ಮರೆತುದರ ಬೆಲೆಯನ್ನು ಅಂಕಿಗಳೇ ಹೇಳುತ್ತವೆ. 1972-73ರಲ್ಲಿ ಗುಜರಾತಿನ ಎಚ್-4 ಹತ್ತಿಯಿಂದ ಆರಂಭಿಸಿ ಒಬ್ಬೊಬ್ಬ ರೈತನ ನಷ್ಟವನ್ನೂ ಪ್ರತ್ಯೇಕವಾಗಿ ಅಳೆಯುವ ವಿಮೆಯನ್ನು ಕೆಲವು ರಾಜ್ಯಗಳಲ್ಲಿ ಪ್ರಯೋಗಿಸಲಾಯಿತು. 1978-79ರವರೆಗೆ ಅದರಲ್ಲಿ ಸೇರಿದವರು 3,110 ರೈತರು; ಸಂದ ಕಂತು ರೂ. 4.54 ಲಕ್ಷ, ತೆತ್ತ ಪರಿಹಾರ ರೂ. 37.88 ಲಕ್ಷ. ಆಮೇಲೆ ಪ್ರೊ. ವಿ. ಎಂ. ದಾಂಡೇಕರರ ಸಲಹೆಯಂತೆ ಪ್ರದೇಶವನ್ನೇ ಘಟಕವಾಗಿಸಿದ ಪದ್ಧತಿ ಬಂದಿತು. 1995ರಲ್ಲಿ ಪಿ. ಕೆ. ಮಿಶ್ರಾ ಅವರು ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಚಕ್ರವರ್ತಿಯವರ ಯೋಜನೆಯನ್ನು ಪುನಃ ಪರಿಚಯಿಸಿದರು. 2003ರಲ್ಲಿ ಮೆಹಬೂಬ್‌ನಗರದಲ್ಲಿ ಖಾಸಗಿ ಮಳೆ ವಿಮೆ, 2007ರಲ್ಲಿ ಸರ್ಕಾರದ ಹವಾಮಾನಾಧಾರಿತ ಬೆಳೆ ವಿಮೆ ಜಾರಿಗೆ ಬಂದವು.

ನಮ್ಮ ಜಿಲ್ಲೆಯ ಅಡಿಕೆ, ಕಾಳುಮೆಣಸುಗಳಿಗೆ ಇರುವುದು ಇದೇ ವಿಮೆ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ ರೂ. 1,28,000, ಬೆಳೆಗಾರನ ಪಾಲು ಶೇ. 5, ಅಂದರೆ ರೂ. 6,400. ಬಯಲುಸೀಮೆಯ ಬರಕ್ಕೆಂದು ಹುಟ್ಟಿದ ತತ್ತ್ವವು ಇಲ್ಲಿ ಅತಿವೃಷ್ಟಿಗೂ ಕೊಳೆರೋಗಕ್ಕೂ ಒದಗಬೇಕಾಗಿದೆ. ತೊಡಕಿರುವುದೂ ಇಲ್ಲಿಯೇ. ಘಟ್ಟದ ಬುಡದಲ್ಲಿ ಮಳೆಯು ಒಂದೆರಡು ಮೈಲಿಗೇ ಬದಲಾಗುತ್ತದೆ. ತೋಟದಲ್ಲಿ ಕೊಳೆ ಹಬ್ಬಿದರೂ ಪಂಚಾಯತಿಯ ಮಳೆಮಾಪನವು ಮಿತಿಯನ್ನು ಮುಟ್ಟದಿದ್ದರೆ ಬೆಳೆಗಾರನಿಗೆ ಬಿಡಿಗಾಸೂ ಇಲ್ಲ. ಯಂತ್ರ ಕೆಟ್ಟಿದ್ದರೆ ಜಗಳ ಬೇರೆ. ಬೆಳೆಗಾರರಿಗೆ ಮುಂಗಡ ಕೊಡುವ ಅಡಿಕೆ ವ್ಯಾಪಾರಿಗಳೂ, ವರ್ಷವಿಡೀ ಉದ್ರಿ ಬರೆಯುವ ಅಂಗಡಿಕಾರರೂ ಇದನ್ನು ಗಮನಿಸತಕ್ಕದ್ದು: ವಿಮೆಯಿದೆಯೆಂಬ ಕಾರಣಕ್ಕೆ ಉದ್ರಿಯ ಮಿತಿಯನ್ನು ಹೆಚ್ಚಿಸುವುದು ಕ್ಷೇಮವಲ್ಲ.

ಇನ್ನು ಆ ಕಿರಾಣಿ ವ್ಯಾಪಾರಿಯ ಪ್ರಶ್ನೆ. ಅಂಗಡಿಯ ವಿಮೆಯು ಮಳೆಯನ್ನಲ್ಲ, ವಾಸ್ತವ ನಷ್ಟವನ್ನು ಅಳೆಯುತ್ತದೆ. ಇಬ್ಬರ ಅಂಗಡಿಗೂ ಒಂದೇ ಮಳೆ ಬಿದ್ದರೂ ತಗ್ಗಿನಲ್ಲಿದ್ದವನ ಸಕ್ಕರೆ ಕರಗುತ್ತದೆ, ಮೆಟ್ಟಿಲೇರಿಸಿ ಕಟ್ಟಿದವನದು ಉಳಿಯುತ್ತದೆ. ಆದುದರಿಂದ ಬಿಲ್ಲು, ಸ್ಟಾಕ್ ಪುಸ್ತಕಗಳೇ ಇಲ್ಲಿ ಮಳೆಮಾಪನ. ಅವರ ಪುಸ್ತಕಗಳು ನೆನೆದಿದ್ದರೂ ಜಿಎಸ್‌ಟಿ ರಿಟರ್ನುಗಳಿಂದಲೂ ಸರಬರಾಜುದಾರರ ಪ್ರತಿಗಳಿಂದಲೂ ಖರೀದಿಯನ್ನು ಸಿದ್ಧಪಡಿಸಿದೆವು. ಪೆಟ್ಟು ಬಿದ್ದುದು ಬೇರೊಂದು ಕಡೆ. ದಾಸ್ತಾನು ಸುಮಾರು ರೂ. 24 ಲಕ್ಷದ್ದಿದ್ದರೂ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿಗೆ ಸರಿಯಾಗಿ ರೂ. 12 ಲಕ್ಷಕ್ಕೆ ಮಾತ್ರ ವಿಮೆಯಿತ್ತು. 2021ರ ಏಪ್ರಿಲಿನಿಂದ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕಡಿಮೆ ವಿಮೆಯನ್ನು ಮನ್ನಿಸಲಾಗುತ್ತದೆ, ಅವರದು ಶೇ. 50. ಆದಕಾರಣ ರೂ. 7 ಲಕ್ಷದ ನಷ್ಟಕ್ಕೆ ಸರಾಸರಿ ನಿಯಮದಂತೆ ರೂ. 3.5 ಲಕ್ಷ, ಅದರಲ್ಲಿಯೂ ಪಾಲಿಸಿದಾರರೇ ಭರಿಸತಕ್ಕ ಅಂಶ ಕಳೆದು, ಕೈಸೇರಿತು. ಮರುವರ್ಷ ನವೀಕರಣಕ್ಕೆ ಮೊದಲು ಅವರು ಸ್ಟಾಕ್ ಪಟ್ಟಿಯನ್ನು ಹಿಡಿದುಕೊಂಡು ತಾವಾಗಿಯೇ ಕಚೇರಿಗೆ ಬಂದರು.