ಪ್ರಿನ್ಸಿಪಾಲ್ ಆಗಲು 160 ಗಂಟೆ

ಕಳೆದ ವರ್ಷ ಅಮ್ಮಿಗೆ ಅವರ ಶಾಲೆಯಲ್ಲಿ ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್ ಹೊಣೆ ಬಂತು. ಬೀಗದ ಕೈ ಗೊಂಚಲು, ಬಿಸಿಯೂಟದ ಲೆಕ್ಕದ ಪುಸ್ತಕ ಕೈಗೆ ಕೊಟ್ಟರು, ಅಷ್ಟೇ. ರಾತ್ರಿ ಊಟವಾದ ಮೇಲೆ ಕ್ಯಾಶ್ ಬುಕ್ ತೆರೆದು, "ಬೇಟಾ, ಎಡಕ್ಕೆ ಏನು ಬರೆಯೋದು, ಬಲಕ್ಕೆ ಏನು?" ಎಂದು ನನ್ನನ್ನೇ ಕೇಳಿದರು. "ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ" ಎಂದೆ. ನಾನಾಗ ಪ್ರಥಮ ಪಿಯುಸಿ!

ಬೇರೆ ಕಡೆ ಇದನ್ನು ಹೇಗೆ ಕಲಿಸುತ್ತಾರೆಂದು ಓದಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಪ್ರಿನ್ಸಿಪಾಲ್ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಪದವಿ, 2 ವರ್ಷ ಪಾಠ ಮಾಡಿದ ಅನುಭವ, ಪರೀಕ್ಷೆ ಬೇಕು. ಜೊತೆಗೆ ಕನಿಷ್ಠ 160 ಗಂಟೆಗಳ ಪ್ರಾಕ್ಟಿಕಮ್. ಅಂದರೆ ಅನುಭವಿಯೊಬ್ಬರ ಮಾರ್ಗದರ್ಶನದಲ್ಲಿ ಶಾಲೆಯಲ್ಲೇ ಆ ಕೆಲಸ ಮಾಡಿ ಕಲಿಯುವುದು. ನ್ಯೂಜೆರ್ಸಿಯಲ್ಲಿ ಇದು 300 ಗಂಟೆ. ಟೆಕ್ಸಾಸ್‌ನ ಮೌಲ್ಯಮಾಪನದಲ್ಲಿ ನನಗೆ ಹಿಡಿಸಿದ್ದು ಒಂದು: ಶಾಲೆಯ ನಿಜವಾದ ಸಮಸ್ಯೆಯೊಂದನ್ನು ಆರಿಸಿ, ಯೋಜನೆ ಹಾಕಿ, ಜಾರಿ ಮಾಡಿ, ಫಲ ಏನಾಯಿತೆಂದು ಸಾಕ್ಷಿ ಸಮೇತ ಬರೆದು ಕೊಡಬೇಕು. ಬಾಯಿಪಾಠಕ್ಕೆ ಅಲ್ಲಿ ಜಾಗವಿಲ್ಲ.

ಲೆಕ್ಕ ಹಾಕಿದೆ. ದಿನಕ್ಕೆ 8 ಗಂಟೆಯಂತೆ 160 ಗಂಟೆ ಎಂದರೆ 20 ದಿನ. ಸಿಎ ಓದುವವರ ಆರ್ಟಿಕಲ್‌ಶಿಪ್ 2 ವರ್ಷ. ಅದರ ಮುಂದೆ ಇದು ಬಹಳ ಕಡಿಮೆ ಎಂದು ಅಮ್ಮಿಗೆ ಹೇಳಿದೆ.

"ನನಗೆ ಆ ಇಪ್ಪತ್ತು ದಿನ ಸಿಕ್ಕಿದ್ದರೂ ಸಾಕಿತ್ತು" ಎಂದರು.

ಈಗ ಕ್ಯಾಶ್ ಬುಕ್ ಅವರೇ ಬರೆಯುತ್ತಾರೆ. ತಿಂಗಳ ಕೊನೆಗೆ ಟೋಟಲ್ ಮಾತ್ರ ನಾನು ಇನ್ನೊಮ್ಮೆ ನೋಡುತ್ತೇನೆ.