ಕಡಲು ದಾಟುವ ಅವಸರ ಬೇಡ

ಅಮೆರಿಕದ ಬೀಗರಿರುವ ಕನ್ನಡದ ಮನೆಗಳಲ್ಲಿ ಮೊಮ್ಮಕ್ಕಳ ವಂಶವೃಕ್ಷ ಬರೆಯಲು ಕೂತರೆ, ಅರ್ಧ ಮರ ಇಂಗ್ಲೆಂಡಿನ ಯಾವುದೋ ಹಳ್ಳಿಗೆ ಹೋಗಿ ನಿಲ್ಲಬಹುದು. ಆದರೆ ಅಲ್ಲಿನ ದಾಖಲೆಯಲ್ಲಿ ಅದೇ ಹೆಸರಿನವನೊಬ್ಬ ಸಿಕ್ಕ ಮಾತ್ರಕ್ಕೆ ಅವನು ಮೂಲಪುರುಷನಾಗುವುದಿಲ್ಲ.

ಮೊದಲು ಈಗಿನ ತಲೆಮಾರಿನಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ. ಅಮೆರಿಕದ ಜನಗಣತಿ ಶುರುವಾದದ್ದು 1790ರಲ್ಲಿ. 1840ರವರೆಗೂ ಅದರಲ್ಲಿ ಬರೆದದ್ದು ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳು ಬರೀ ಲೆಕ್ಕ! ಅದಕ್ಕೂ ಹಿಂದಕ್ಕೆ ಹೋಗಲು ಉಯಿಲು, ಜಮೀನು ಪತ್ರಗಳನ್ನು ಜಾಲಾಡಬೇಕು. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದ ಊರುಗಳು ಜನನ, ಮದುವೆ, ಮರಣಗಳನ್ನೂ ಬರೆದಿಟ್ಟಿವೆ. ವರ್ಜೀನಿಯಾದಲ್ಲಿ ಜನರನ್ನು ಕರೆತಂದವರಿಗೆ ತಲೆಗೆ 50 ಎಕರೆ ಸಿಗುತ್ತಿತ್ತು. ಹೀಗಾಗಿ ಅಲ್ಲಿನ ಜಮೀನು ಮಂಜೂರಾತಿ ಕಾಗದಗಳಲ್ಲಿ ಆಳುಗಳ ಹೆಸರೂ ಇರುತ್ತದೆ.

ಆ ಕಾಲದ ಹಡಗಿನ ಪಟ್ಟಿಗಳು ಉಳಿದಿರುವುದು ಕೆಲವೇ. ಸಿಕ್ಕರೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಬ್ರಹಾಂ ಲಿಂಕನ್ ಅವರ ಪೂರ್ವಜ ಸ್ಯಾಮ್ಯುಯೆಲ್ ಲಿಂಕನ್ 1637ರಲ್ಲಿ ನಾರ್ವಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್‌ನ ಆಳಾಗಿ ಮ್ಯಾಸಚೂಸೆಟ್ಸ್‌ಗೆ ಬಂದ. ಪಟ್ಟಿಯಲ್ಲಿ ಅವನ ಹೆಸರು 'ಲಿಂಕಾರ್ನ್', ವಯಸ್ಸು 18. ಇಂಗ್ಲೆಂಡಿನ ನಾರ್ಫೋಕ್‌ನ ಹಿಂಗಮ್ ಚರ್ಚಿನಲ್ಲಿ ದೀಕ್ಷಾಸ್ನಾನವಾದದ್ದು 1622ರಲ್ಲಿ. ಅಂದರೆ ವಯಸ್ಸು ಸುಮಾರು 15. ಇಬ್ಬರೂ ಒಬ್ಬನೇ ಎನ್ನಲು ಬಲ ಬರುವುದು ನೆರೆಹೊರೆಯಿಂದ. ಅವನು ನೆಲೆಸಿದ ಊರಿನ ಹೆಸರೂ ಹಿಂಗಮ್. ಆ ಇಂಗ್ಲಿಷ್ ಹಳ್ಳಿಯ ಜನ ಅಲ್ಲಿ ತುಂಬಿದ್ದರು, ಅವನ ಅಣ್ಣಂದಿರೂ ಇದ್ದರು. ಆದ್ದರಿಂದ ಒಬ್ಬನನ್ನೇ ಹುಡುಕಬೇಡಿ, ಅವನ ಉಯಿಲಿಗೆ ಸಾಕ್ಷಿ ಹಾಕಿದವರನ್ನೂ ಪಕ್ಕದ ಹೊಲದವರನ್ನೂ ಹುಡುಕಿ.

ಊರು ಖಚಿತವಾದ ಮೇಲಷ್ಟೇ ಇಂಗ್ಲೆಂಡ್. ಚರ್ಚಿನ ದಫ್ತರಗಳು 1538ರಿಂದ ಆರಂಭ. ಅವು ಹಾಳಾಗಿದ್ದರೆ ಬಿಷಪ್ಪರಿಗೆ ಕಳಿಸಿದ ನಕಲುಗಳನ್ನು ಕೇಳಿ. 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಪುಟಗಳು ಖಾಲಿ ಇರಬಹುದು. ಉಳ್ಳವರ ಉಯಿಲುಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಮೆರಿಕಕ್ಕೆ ಹೋದ ಮಗನ ಹೆಸರು ಅಲ್ಲಿ ಸಿಕ್ಕರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಚರ್ಚಿನ ದಫ್ತರದಲ್ಲಿ 1637ರ ಮೇ ತಿಂಗಳಲ್ಲಿ ಮದುವೆ, 1637ರ ಫೆಬ್ರವರಿಯಲ್ಲಿ ಮಗು ಎಂದು ಕಂಡರೆ ಗಾಬರಿಯಾಗಬೇಡಿ. 1752ಕ್ಕೆ ಮುಂಚೆ ಇಂಗ್ಲಿಷರ ಹೊಸ ವರ್ಷ ಬರುತ್ತಿದ್ದುದು ಮಾರ್ಚ್ 25ಕ್ಕೆ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1638.

ಅಚ್ಚಾದ ವಂಶಾವಳಿಗಳ ಬಗ್ಗೆ ನನಗೆ ಗುಮಾನಿಯೇ ಹೆಚ್ಚು. ಗುಸ್ಟಾವ್ ಆಂಜು ಎಂಬಾತ ಸಿರಿವಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಹೆಣೆದು ಮಾರಿದ. ಅವನ್ನು ನಕಲು ಮಾಡಿಕೊಂಡವರು ಇವತ್ತಿಗೂ ಇದ್ದಾರೆ. ಆದರೆ 1620–1640ರ ನಡುವೆ ನ್ಯೂ ಇಂಗ್ಲೆಂಡಿಗೆ ಬಂದ ಮನೆತನವಾದರೆ, ಮೊದಲು ವಂಶಾವಳಿ ಸಂಶೋಧಕ ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಅವರ 'ಗ್ರೇಟ್ ಮೈಗ್ರೇಷನ್' ಸಂಪುಟಗಳನ್ನು ತೆರೆಯಿರಿ.