ಒಂದು ಸಂಗತಿ, ಒಂದೇ ಎಡೆ

ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳ ವಿವರಗಳನ್ನು ಮೂರು ಪುಸ್ತಕಗಳಲ್ಲಿ ಬರೆದಿಡುವ ವಾಡಿಕೆಯಿತ್ತು: ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ವಿದ್ಯಾರ್ಥಿವೇತನದ ಪುಸ್ತಕ. ಬಾಲಕಿಯೊಬ್ಬಳ ತಂದೆಯ ಹೆಸರಿನಲ್ಲಿದ್ದ ತಪ್ಪನ್ನು ನಾನು ಮೊದಲನೆಯದರಲ್ಲಿ ತಿದ್ದಿದೆ. ಉಳಿದೆರಡರಲ್ಲಿ ತಿದ್ದಲು ಮರೆತೆ. ಹೆಸರುಗಳು ತಾಳೆಯಾಗದೆ ಆ ವರ್ಷ ಅವಳಿಗೆ ವೇತನ ದೊರೆಯಲಿಲ್ಲ. ತಪ್ಪು ನನ್ನದು, ನಷ್ಟ ಅವಳದು.

ಒಂದೇ ಸಂಗತಿಯನ್ನು ಹಲವೆಡೆ ಬರೆದಿಟ್ಟರೆ ಅವು ಎಂದಾದರೊಮ್ಮೆ ಪರಸ್ಪರ ವಿರೋಧಿಸದೆ ಇರವು. ಈ ತೊಡಕಿಗೆ ಪರಿಹಾರದ ದಾರಿ ತೋರಿದವನು ಇಂಗ್ಲೆಂಡಿನಲ್ಲಿ ಜನಿಸಿದ ಎಡ್ಗರ್ ಕಾಡ್. ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದಾಗ, 1970ರಲ್ಲಿ, ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡಬೇಕೆಂದು ಅವನು ಪ್ರತಿಪಾದಿಸಿದನು. ಇಂತಹ ಕೋಷ್ಟಕಗಳ ಭಂಡಾರವೇ ಸಂಬಂಧಾತ್ಮಕ ಡೇಟಾಬೇಸ್.

ಇದನ್ನು ರಚಿಸುವ ಬಗೆಯನ್ನು ನಮ್ಮ ನೆಲದಲ್ಲಿಯೇ ನೋಡೋಣ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳುವಾಯಿ ಗ್ರಾಮವಿದೆ. ಅಲ್ಲಿನ ಗದ್ದೆ, ತೋಟಗಳ ಲೆಕ್ಕವನ್ನು ಬರೆಯಬೇಕಾಗಿದೆ ಎಂದುಕೊಳ್ಳಿ. ಒಬ್ಬನಿಗೆ ಹಲವು ಸರ್ವೆ ನಂಬರುಗಳ ಜಮೀನಿರಬಹುದು. ಒಂದೇ ಜಮೀನಿಗೆ ಅಣ್ಣತಮ್ಮಂದಿರು ಹಲವರು ಹಕ್ಕುದಾರರಾಗಿರಬಹುದು. ಆದುದರಿಂದ ಮೂರು ಕೋಷ್ಟಕಗಳು ಬೇಕು. ಮೊದಲನೆಯದರಲ್ಲಿ ವ್ಯಕ್ತಿಗಳು, ಎರಡನೆಯದರಲ್ಲಿ ಜಮೀನುಗಳು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರಿರಬಹುದಾದ ಕಾರಣ ಪ್ರತಿಯೊಬ್ಬನಿಗೂ ಬೇರೊಬ್ಬನಿಗಿಲ್ಲದ ಒಂದು ಸಂಖ್ಯೆಯನ್ನು ಕೊಡಬೇಕು, ಇದೇ 'ಕೀಲಿ'. ಮೂರನೆಯದು ಹಕ್ಕಿನ ಕೋಷ್ಟಕ: ವ್ಯಕ್ತಿಯ ಸಂಖ್ಯೆ, ಜಮೀನಿನ ಸಂಖ್ಯೆ, ಪಾಲು ಎಷ್ಟು ಎಂಬ ಮೂರೇ ಅಂಕಣಗಳು. ಹೆಸರನ್ನು ತಿದ್ದಬೇಕಾದರೆ ಮೊದಲ ಕೋಷ್ಟಕದಲ್ಲಿ ಒಮ್ಮೆ ತಿದ್ದಿದರೆ ಸಾಕು. ಜಮೀನು ಮಾರಾಟವಾದರೆ ಬದಲಾಗುವುದು ಹಕ್ಕಿನ ಸಾಲು ಮಾತ್ರ.

ಇನ್ನು ಪ್ರಶ್ನೆ ಕೇಳುವ ಕ್ರಮ. 'ಈ ಜಮೀನಿನ ಹಕ್ಕುದಾರರು ಯಾರು?' ಎಂದು ಕೇಳಿದರೆ ಗಣಕಯಂತ್ರವು ಹಕ್ಕಿನ ಕೋಷ್ಟಕದಲ್ಲಿ ಆ ಜಮೀನಿನ ಸಾಲುಗಳನ್ನು ಆರಿಸಿ, ಅವುಗಳಲ್ಲಿರುವ ಸಂಖ್ಯೆಗಳ ಮೂಲಕ ಹೆಸರುಗಳನ್ನು ಜೋಡಿಸಿ ಕೊಡುತ್ತದೆ. ಹೀಗೆ ಕೇಳಲು ಬಳಸುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಅದರ ಮೊದಲ ರೂಪವು 1974ರಲ್ಲಿ ಪ್ರಕಟವಾಯಿತು.

ಅದೇ 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ತಿದ್ದುಪಡಿಗೊಂಡ ಭೂಸುಧಾರಣಾ ಶಾಸನವು ಜಾರಿಗೆ ಬಂದಿತು. ದಕ್ಷಿಣ ಕನ್ನಡದ ಅನೇಕ ಗೇಣಿ ಒಕ್ಕಲುಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಅವರ ಒಡೆತನವು ಪಹಣಿಯಲ್ಲಿ ದಾಖಲಾಗುತ್ತಿತ್ತು. ಆ ಪಹಣಿಗಳನ್ನು ಗ್ರಾಮಲೆಕ್ಕಿಗರು ಕೈಯಿಂದಲೇ ಬರೆಯುತ್ತಿದ್ದರು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು.

ಆದರೆ ಮಕ್ಕಳೇ, ಯಂತ್ರಕ್ಕೆ ಸತ್ಯಾಸತ್ಯಗಳ ವಿವೇಚನೆಯಿಲ್ಲ. ತಪ್ಪನ್ನು ಬರೆದರೆ ಅದು ತಪ್ಪನ್ನೇ ಕ್ಷಣಮಾತ್ರದಲ್ಲಿ ಮರಳಿಸುತ್ತದೆ. ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಇಂತಹ ಕೋಷ್ಟಕಗಳನ್ನು ಕಾಗದದ ಮೇಲೆ ರಚಿಸಿ ನೋಡಿರಿ. ಪ್ರತಿ ಸಾಲನ್ನು ಬರೆಯುವಾಗಲೂ ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದನ್ನು ಮರೆಯದಿರಿ. ಆ ಬಾಲಕಿಯ ಮುಖವನ್ನು ನಾನು ಇಂದಿಗೂ ಮರೆತಿಲ್ಲ.